ಕೈಮರ

ಕುತೈಸಿಯಲ್ಲಿ ಏಪ್ರಿಲ್. ಬೆಟ್ಟದ ಮೇಲಿನ ಹಿಮ ಸಡಿಲಾಗಿ
ರಿಯೋನಿ ನದಿಗೆ ಒಡೆದ ಹಾಲಿನ ಬಣ್ಣ.
ಜಲಮಾಪನ ಕಚೇರಿಯ ಎರಡನೇ ಮಹಡಿಯಲ್ಲಿ
ಹಳೆಯ ಕಂಪ್ಯೂಟರು ಸತ್ತು ಮೂರು ದಿನ.
ಹೊಸದರ ಮುಂದೆ ಎತೇರಿ.
ಕೋಟು ಬಿಚ್ಚಿಲ್ಲ, ತಂದ ರೊಟ್ಟಿ ಮುರಿದಿಲ್ಲ.

ಹದಿನಾಲ್ಕು ಕಡತ.
ಮಳೆಯದು ಸರಿ, ಹಿಮದ್ದು ಸರಿ,
ಸೇತುವೆ ಕಂಬಕ್ಕೆ ನೀರು ಒರೆಸಿಕೊಂಡು ಹೋಗುವ ಲೆಕ್ಕವೂ ಸರಿ.
ಕಂಪೈಲರು ಒಂದೊಂದಕ್ಕೂ ತಲೆಯಾಡಿಸಿತು,
ಬೇರೆ ಬೇರೆ ಕೋಣೆಯಲ್ಲಿ ಕೂತ ಬೀಗರು ಒಪ್ಪಿದ ಹಾಗೆ.
ಎಲ್ಲರನ್ನೂ ಒಂದೇ ಚಾಪೆಗೆ ಕರೆಯಬೇಕಾದ ಲಿಂಕರು ಮಾತ್ರ
ಹೊಸ್ತಿಲಲ್ಲೇ ನಿಂತು
ಸಮೀಕರಣ ಬಿಡಿಸುವ ಲೈಬ್ರರಿ ಸಿಗಲಿಲ್ಲ ಅಂದಿತು.

ಸಿಗಲಿಲ್ಲ ಅಂದರೆ?
ನಾನೇ ನಿನ್ನೆ ಹಾಕಿದ್ದೇನಲ್ಲ.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ
ಡೈರೆಕ್ಟರಿಯಿಂದ ಡೈರೆಕ್ಟರಿಗೆ ಬೆರಳಾಡಿಸಿದಳು.
ಒಂದು ಗಂಟೆ.
ಮತ್ತೆ ಅದೇ ಆಜ್ಞೆ ಕೊಟ್ಟಳು, ಈ ಸಲ ಜೋರಾಗಿ ಒತ್ತಿ,
ಕಿವುಡನಿಗೆ ಕೂಗಿ ಹೇಳಿದಂತೆ.
ಸಿಗಲಿಲ್ಲ.

ರಾತ್ರಿ ಎರಡಕ್ಕೆ ಜುಂಬೇರ್ ಅವರಿಗೆ ಫೋನು ಮಾಡಿದಳು.
ಈ ಹದಿನಾಲ್ಕನ್ನೂ ಬರೆದ ಮುದುಕ, ಹೊಳೆಯಾಚೆ ಮನೆ.
ಮೊದಲ ರಿಂಗಿಗೇ ಎತ್ತಿದರು.
ಕಿಟಕಿ ತೆರೆದಿಟ್ಟಿದ್ದರು ಅಂತ ಕಾಣುತ್ತೆ,
ಅವರ ಮಾತಿನ ಹಿಂದೆಯೂ ನದಿ, ಅವಳ ಬೆನ್ನ ಹಿಂದೆಯೂ ಅದೇ ನದಿ.

"ಇದೆಯಾ ನೋಡು, ಹೆಸರಿನ ಕೊನೆಗೊಂದು ಅಂಕಿ ಅಂಟಿಸಿಕೊಂಡು?"
ಇತ್ತು. ಅದೇ ಹೆಸರು, ಒಂದು ಚುಕ್ಕಿ, ಚುಕ್ಕಿಯ ಹಿಂದೆ ಮೂರು.
ಕಂಕುಳಲ್ಲೇ ಕೂಸು.
"ನೀನಿರುವ ಬೀದಿಗೆ ಈಗ ಏನು ಹೆಸರು?"
ಹೇಳಿದಳು.
"ಅದಕ್ಕೂ ಮುಂಚೆ?" ಹೇಳಿದಳು. "ಅದಕ್ಕೂ?"
ಅಂಚೆಯ ಲಮಾರಾಗೆ ಮೂರೂ ಗೊತ್ತಿದ್ದವು.
ಅವಳು ಹೋದ ಮೇಲೆ ಬಂದ ಹುಡುಗನಿಗೆ ಹಲಗೆಯ ಮೇಲಿದ್ದದ್ದು ಮಾತ್ರ.
"ಲಿಂಕರು ಆ ಹುಡುಗನ ಜಾತಿ. ಬೈಯಬೇಡ.
ಬರೀ ಹೆಸರಿನದೊಂದು ಕೈಮರ ನೆಟ್ಟುಬಿಡು,
ಒಳಗೆ ಏನೂ ಬೇಡ, ಮೂರರ ಕಡೆ ಬೆರಳು ತೋರಿಸಿದರೆ ಸಾಕು."

ನೆಟ್ಟಳು. ಒಂದು ಸಾಲು.
ಕರುಳಿಲ್ಲದ ಕಡತ, ಬರೀ ತೋರುಬೆರಳು.

ಲಿಂಕರು ಒಳಗೆ ಬಂತು. ಬಂದು
ಇಪ್ಪತ್ತೇಳು ಹೊಸ ದೂರು ಹೇಳಿತು.
ಇವರು ಕರೆಯುತ್ತಿರುವವರು ಯಾರು? ಇವರು?
ಇವರ ಮಾತು ಇದೆ, ಮೈ ಎಲ್ಲಿ?
ಎತೇರಿ ನಕ್ಕಳೋ ಅತ್ತಳೋ, ಫೋನಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ.

"ಲೈಬ್ರರಿಯನ್ನು ಸಾಲಿನಲ್ಲಿ ಎಲ್ಲಿಟ್ಟಿದ್ದೀ?"
"ಮೊದಲಿಗೇ. ಮುಖ್ಯವಾದದ್ದಲ್ಲವೇ?"
"ಕೊನೆಗಿಡು. ಅದು ಸಾಲಿನುದ್ದಕ್ಕೂ ಒಂದೇ ಸಲ ನಡೆಯುತ್ತೆ,
ಹಿಂತಿರುಗಿ ನೋಡುವುದಿಲ್ಲ.
ಬೇಡುವವರು ಮೊದಲು, ಕೊಡುವವರು ಆಮೇಲೆ.
ಕೊಡುವವನು ಮೊದಲೇ ಬಂದು ಬುಟ್ಟಿ ಇಳಿಸಿ ಕೂತರೆ
ಯಾರೂ ಏನೂ ಕೇಳಿಲ್ಲವಲ್ಲ ಅಂತ
ಬುಟ್ಟಿ ಸಮೇತ ಸಾಗಹಾಕುತ್ತೆ."

ಒಂದು ಕ್ಷಣ ಇಬ್ಬರೂ ಸುಮ್ಮನಿದ್ದರು.
ಎತೇರಿಗೆ ನೆನಪಾದದ್ದು ಮೂಲೆಯ ಮೇಜು,
ಅದರ ಮೇಲೆ ಅವರು ಬಿಟ್ಟುಹೋದ ನೀಲಿ ಪುಸ್ತಕ,
ಆರು ವರ್ಷದಿಂದ ಅದರ ಮೇಲೆ ಚಹಾದ ಕೆಟಲು.

ಜಾಗ ಬದಲಿಸಿದಳು.
ಈ ಸಲ ಪರದೆಯಲ್ಲಿ ಏನೂ ಬರಲಿಲ್ಲ.
ಏನೂ ಬರದಿರುವುದೇ ಬೆಸುಗೆ ಕೂಡಿದ ಗುರುತು.
ಹಿಮ ಕೊಟ್ಟಳು, ಮಳೆ ಕೊಟ್ಟಳು, ಮೇಲೂರಿನ ಮಾಪಕದ ಅಂಕಿ ಕೊಟ್ಟಳು.

"ತಡಿ, ನಾನು ಹೇಳುತ್ತೇನೆ," ಅಂದರು ಜುಂಬೇರ್,
ಕಿಟಕಿಯ ಕಡೆ ತಿರುಗಿದ ದನಿ.
"ಬೆಳಗಿನ ಆರಕ್ಕೆ, ಎರಡು ಮೀಟರಿನ ಮೇಲೆ ಹತ್ತು."
ಪರದೆ ಹನ್ನೆರಡು ಅಂದಿತು.
"ಕಿವಿ ಮಂದವಾಯಿತು," ಅಂದರು.

ಕೆಳಗಿನ ಹಳ್ಳಿಗಳಿಗೆ ಸುದ್ದಿ ಹೋಯಿತು.
ರೊಟ್ಟಿ ಮುರಿದಳು. ಫೋನು ಇನ್ನೂ ಹೆಗಲಿಗೂ ಕೆನ್ನೆಗೂ ನಡುವೆ.
"ಮತ್ತೇನಾದರೂ ಕೇಳುವುದಿದೆಯಾ?"
"ಇದೆ," ಅಂದಳು.
ಇರಲಿಲ್ಲ.
ಕೆಟಲು ಪಕ್ಕಕ್ಕಿಟ್ಟು, ಪುಸ್ತಕ ಎಳೆದುಕೊಂಡು,
ಒಂದನೇ ಪುಟ ತೆರೆದಳು.